ಆ ಸಾಲಿನ ಕೊನೆಯಲ್ಲಿದ್ದ ‘ನನ್’

ಗುಮಾಸ್ತರ ಎಡಗಿವಿಗೆ ಬಿದ್ದದ್ದು ಅವರದೇ ಮೇಜಿನ ಮೇಲಿದ್ದ ಪಂಚಿಂಗ್ ಮಷೀನು. ಕಾಗದಕ್ಕೆ ಎರಡು ತೂತು ಹೊಡೆಯುವ ಆ ಕಬ್ಬಿಣದ ತುಂಡನ್ನು ಆತಗೂರು ಕಡೆಯ ಬೆಳೆಗಾರರೊಬ್ಬರು ಎತ್ತಿಕೊಂಡು ಬೀಸಿದ್ದರು. ನಾನು ಮಂಡ್ಯದಿಂದ ಸ್ಕೂಟರಿನಲ್ಲಿ ಹೋಗಿ ಮುಟ್ಟುವ ಹೊತ್ತಿಗೆ ಗುಮಾಸ್ತರು ಬೀರುವಿಗೆ ಒರಗಿ ನೆಲದ ಮೇಲೆ ಕೂತಿದ್ದರು. ಕಿವಿಯಿಂದ ಇಳಿದ ರಕ್ತ ಕಾಲರಿನಲ್ಲಿ ಹೆಪ್ಪುಗಟ್ಟಿತ್ತು. ಹೊಡೆದವರು ಇನ್ನೂ ಅಲ್ಲೇ ಇದ್ದರು, ಏಳೆಂಟು ಜನ. ಹೋಗುವ ಆತುರ ಯಾರಿಗೂ ಇರಲಿಲ್ಲ. ಮಷೀನು ಬೀಸಿದವರೇ ಈಗ ಒಂದು ಪ್ರಿಂಟನ್ನು ಗುಮಾಸ್ತರ ಮೂಗಿಗೆ ತಾಗಿಸಿ ಹಿಡಿದಿದ್ದರು.

“ಇಲ್ನೋಡ್ಲಾ. ಓದು. ಯಾರೆಸ್ರು ಇದು?”

ಗುಮಾಸ್ತರು ಓದಿದರು. ಅವರದೇ ಹೆಸರು, ಅವರದೇ ಇಮೇಲ್ ವಿಳಾಸ. “ನಾ ಕಳುಸ್ನಿಲ್ಲ” ಎಂದರು. ಇನ್ನೊಂದು ಏಟು ಬಿತ್ತು, ಈ ಸಲ ಕೈಯಿಂದ.

ಮದ್ದೂರು–ಮಳವಳ್ಳಿ ರಸ್ತೆಯ ಬದಿಗೆ ಬೆಳೆಗಾರರೇ ಕೂಡಿ ನಿಲ್ಲಿಸಿದ ಬೆಲ್ಲದ ಘಟಕ ಅದು. ಇಂಟರ್ನೆಟ್ಟಿನಲ್ಲಿ ಅದರ ಹೆಸರು, ಎಂದರೆ ಡೊಮೈನು, ಮತ್ತು ಇಮೇಲು ನೋಡಿಕೊಳ್ಳುವ ಕೆಲಸ ನನ್ನದು. ಮಂಡ್ಯದಲ್ಲಿ ನನಗೊಂದು ಚಿಕ್ಕ ಆಫೀಸಿದೆ. ಕಾಲೇಜು, ನರ್ಸಿಂಗ್ ಹೋಮು, ಅಕ್ಕಿ ಗಿರಣಿ, ಹೀಗೆ ಹತ್ತಾರು ಕಡೆಯ ಮೇಲ್ ಕೆಡದಂತೆ ನೋಡಿಕೊಳ್ಳುತ್ತೇನೆ. ಎಲ್ಲ ಸರಿಯಿದ್ದಾಗ ನನ್ನ ನೆನಪು ಯಾರಿಗೂ ಬರುವುದಿಲ್ಲ. ಆ ದಿನ ಬೆಳಿಗ್ಗೆ ಘಟಕದ ಅಧ್ಯಕ್ಷರು ಫೋನು ಮಾಡಿ, ಯಾರೋ ಮೇಲ್ ಹ್ಯಾಕ್ ಮಾಡಿದ್ದಾರೆ, ಬೇಗ ಬಾ, ಇಲ್ಲಿ ಹೆಣ ಬೀಳುತ್ತದೆ ಎಂದಿದ್ದರು. ಹೆಣ ಬೀಳುತ್ತದೆ ಎನ್ನುವುದನ್ನು ನಮ್ಮ ಕಡೆ ಮಾತಿಗೆ ಮುಂಚೆ ಹೇಳುತ್ತಾರೆ. ನಾನು ತಿಂಡಿ ಮುಗಿಸಿಯೇ ಹೊರಟಿದ್ದೆ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಕಬ್ಬು ಕಡಿಯಲು ಸರದಿ ಇದೆ. ಯಾರು ಯಾವಾಗ ನಾಟಿ ಮಾಡಿದರೋ ಅದರ ಮೇಲೆ ಪಟ್ಟಿ. ದಿನಾ ಬೆಳಿಗ್ಗೆ ಗುಮಾಸ್ತರು ಕಟಾವು ಆದೇಶವನ್ನು ಹಳ್ಳಿಗಳಲ್ಲಿ ಕಬ್ಬು ನೋಡಿಕೊಳ್ಳುವ ಫೀಲ್ಡ್‌ಮನ್‌ಗಳಿಗೆ ಇಮೇಲ್ ಮಾಡುತ್ತಾರೆ. ಫೀಲ್ಡ್‌ಮನ್ ಅದನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಮೇಸ್ತ್ರಿಯ ಕೈಗೆ ಕೊಡುತ್ತಾರೆ. ಮೇಸ್ತ್ರಿಯ ಆಳುಗಳು ಮಚ್ಚು ಹಿಡಿದು ಗದ್ದೆಗೆ ಇಳಿಯುತ್ತಾರೆ. ಕಡಿದ ಕಬ್ಬನ್ನು ಮಾರನೆಯ ದಿನದೊಳಗೆ ಅರೆಯಬೇಕು, ಬಿಸಿಲಿಗೆ ಬಿದ್ದರೆ ರಸ ಕೆಡುತ್ತದೆ. ಆ ವಾರ ಬಂದ ಒಂದು ಆದೇಶದಲ್ಲಿ ಆತಗೂರು ಹೋಬಳಿಯ ಹನ್ನೊಂದು ಗದ್ದೆಗಳಿದ್ದವು. ಒಂದರದೂ ಸರದಿ ಬಂದಿರಲಿಲ್ಲ. ಆದರೆ ಮುಂಚಿತವಾಗಿ ಸರದಿ ಬಂದರೆ ಬೇಡ ಎನ್ನುವ ಬೆಳೆಗಾರ ಎಲ್ಲಿದ್ದಾನೆ? ಖುಷಿಯಾಗಿ ಕಡಿಸಿದರು. ಘಟಕಕ್ಕೆ ಸುದ್ದಿಯೇ ಇಲ್ಲ, ಲಾರಿ ಹೋಗಲಿಲ್ಲ. ಮೂರನೆಯ ದಿನ ಯಾರದೋ ಟ್ರಾಕ್ಟರುಗಳು ಬಂದು, ಕೆಟ್ಟ ಕಬ್ಬು ಎಂದು ಮೂಗು ಮುರಿದು, ಸಿಕ್ಕಿದ ರೇಟಿಗೆ ದೂರದ ಆಲೆಮನೆಗಳಿಗೆ ಎತ್ತಿಕೊಂಡು ಹೋದವು. ಒಂದು ವರ್ಷ ನೀರು ಕಟ್ಟಿ ಬೆಳೆದದ್ದು ಹಾಗೆ ಹೋಯಿತು.

ಪ್ರಿಂಟನ್ನು ಕಿತ್ತುಕೊಂಡು ಓದಿದೆ. ಓದಿದ ಕೂಡಲೇ ಇದು ಗುಮಾಸ್ತರದಲ್ಲ ಎಂದು ತಿಳಿಯಿತು, ಯಾಕೆಂದರೆ ಅದರಲ್ಲಿ ಕಾಗುಣಿತ ಸರಿಯಾಗಿತ್ತು. ಚಿಕ್ಕಂದಿನಲ್ಲಿ ಹಳ್ಳಿಯನ್ನು ಅಳ್ಳಿ ಎಂದು ಬರೆದದ್ದಕ್ಕೆ ಮೇಷ್ಟ್ರು ಇವರ ಬೆರಳಿನ ಗೆಣ್ಣಿಗೆ ಹೊಡೆದಿದ್ದರಂತೆ. ಆವತ್ತಿನಿಂದ ಅನುಮಾನ ಬಂದಲ್ಲೆಲ್ಲ ಒಂದು ಹ ಹಾಕಿಬಿಡುವುದು ಇವರ ರೂಢಿ. ‘ಕಟಾವು ಹಾದೇಶ, ಹಾತಗೂರು ಹೋಬಳಿ’ ಎಂದೇ ಇವರು ಬರೆಯುವುದು. ಬಾಯಲ್ಲಿ ಮಾತ್ರ ಒಂದೇ ಒಂದು ಹ ಬರುವುದಿಲ್ಲ. ನಾನೇ ಎಷ್ಟೋ ಸಲ ಛೇಡಿಸಿದ್ದೆ. ಈ ಪ್ರಿಂಟಿನಲ್ಲಿ ‘ಆದೇಶ’, ‘ಆತಗೂರು’ ಎಂದಿತ್ತು. ಅದನ್ನು ಅಲ್ಲಿದ್ದವರಿಗೆ ತೋರಿಸಿ ವಿವರಿಸಿದೆ. ಮಷೀನು ಬೀಸಿದವರು ನನ್ನ ಮುಖವನ್ನೇ ನೋಡಿದರು.

“ಕಾಗುಣಿತ ನೋಡ್ಕಂಡು ಕಬ್ಬು ಕಡ್ಯಕಾಯ್ತದೇನಮ್ಮ?”

ಪ್ರಿಂಟನ್ನು ಮಡಚಿ ಇಟ್ಟುಕೊಂಡೆ. ಹೊರಡುವಾಗ ಅವರು, ಇನ್ನೊಂದು ಸಲ ಇಂಥ ಕಾಗದ ಬಂದರೆ ಗುಮಾಸ್ತನನ್ನು ಕಬ್ಬಿನ ಜತೆ ಗಾಣಕ್ಕೆ ಕೊಡುತ್ತೇವೆ ಎಂದು ಹೇಳಿ ಹೋದರು. ಕೂಗಿ ಹೇಳಲಿಲ್ಲ, ನಾಳೆ ನೀರು ಬಿಡುತ್ತೇವೆ ಎನ್ನುವ ದನಿಯಲ್ಲೇ ಹೇಳಿದರು. ಅದಕ್ಕೇ ನನಗೆ ನಂಬಿಕೆ ಬಂತು. ಗುಮಾಸ್ತರನ್ನು ಮದ್ದೂರಿನ ಡಾಕ್ಟರಲ್ಲಿಗೆ ಕಳಿಸಿದೆವು. ಕಿವಿಯ ತಮಟೆ ಹರಿದಿದೆ, ಆ ಕಿವಿ ಇನ್ನು ಲೆಕ್ಕಕ್ಕಿಲ್ಲ ಎಂದರು.

ಅವರು ಅತ್ತ ಹೋದ ಮೇಲೆ ಒಬ್ಬ ಫೀಲ್ಡ್‌ಮನ್‌ನ ಫೋನು ಈಸಿಕೊಂಡು ಆ ಇಮೇಲಿನ ಪೂರ್ತಿ ಹೆಡರ್ ತೆಗೆದೆ. ಮೇಲ್ ಯಾವ ದಾರಿಯಲ್ಲಿ ಬಂತು, ಪ್ರತಿ ಗೇಟಿನಲ್ಲಿ ಯಾರು ಏನು ಕೇಳಿದರು, ಎಲ್ಲ ಅದರಲ್ಲಿ ಇರುತ್ತದೆ. ಗುಮಾಸ್ತರ ಖಾತೆಯನ್ನು ಯಾರೂ ಹ್ಯಾಕ್ ಮಾಡಿರಲಿಲ್ಲ. ಎಲ್ಲೋ ಬಾಡಿಗೆಗೆ ಸಿಗುವ ಸರ್ವರಿನಿಂದ, ಅವರ ಹೆಸರು ಬರೆದು ಕಳಿಸಿದ್ದರು, ಅಷ್ಟೇ. ಲಕೋಟೆಯ ಮೇಲೆ ಕಳಿಸಿದವರದೇ ವಿಳಾಸ, ಒಳಗಿನ ಕಾಗದದ ತಲೆಯಲ್ಲಿ ನಮ್ಮ ವಿಳಾಸ. ನಮ್ಮ ಹೆಸರಿನಲ್ಲಿ ಯಾವ ಸರ್ವರುಗಳು ಮೇಲ್ ಕಳಿಸಬಹುದು ಎನ್ನುವ ಪಟ್ಟಿಗೆ ಎಸ್‌ಪಿಎಫ್ ಎನ್ನುತ್ತೇವೆ. ಆದರೆ ಅದು ನೋಡುವುದು ಲಕೋಟೆಯನ್ನು, ಒಳಗಿನ ಕಾಗದವನ್ನಲ್ಲ. ಹೀಗಾಗಿ ಅಲ್ಲಿ ಪಾಸಾಗಿತ್ತು. ನಮ್ಮ ಮೊಹರು ಇದೆಯೇ ಎಂದು ನೋಡುವುದು ಡಿಕಿಮ್. ಮೊಹರು ಇರಲಿಲ್ಲ. ಲಕೋಟೆಯೂ ಮೊಹರೂ ಕಾಗದದ ತಲೆಬರಹಕ್ಕೆ ತಾಳೆಯಾಗದಿದ್ದರೆ ಆ ಮೇಲನ್ನು ಏನು ಮಾಡಬೇಕು ಎಂದು ಡೊಮೈನಿನ ಯಜಮಾನರು ಬರೆದಿಡುವ ಒಂದು ಸಾಲಿದೆ, ಅದಕ್ಕೆ ಡಿಮಾರ್ಕ್ ಎಂದು ಹೆಸರು. ಹೆಡರಿನಲ್ಲಿ ಬರೆದಿತ್ತು: ಡಿಮಾರ್ಕ್, ಫೇಲ್. ಪಾಲಿಸಿ, ನನ್.

ನನ್ ಎನ್ನುವುದು ಇಂಗ್ಲಿಷ್ ಪದ. ಏನೂ ಮಾಡಬೇಡ, ಬರೆದುಕೊಂಡು ಒಳಗೆ ಬಿಡು ಎಂದು ಅದರ ಅರ್ಥ. ಫೀಲ್ಡ್‌ಮನ್‌ಗಳ ಮೇಲ್ ಕಂಪನಿಯ ಕಾವಲುಗಾರ ಕಳ್ಳನನ್ನು ಕಳ್ಳ ಎಂದು ಗುರುತಿಸಿದ್ದ, ಪುಸ್ತಕದಲ್ಲಿ ಬರೆದುಕೊಂಡಿದ್ದ, ಬಾಗಿಲು ತೆಗೆದಿದ್ದ. ಹಾಗೆ ಮಾಡು ಎಂದು ಹೇಳಿದ್ದವಳು ನಾನು. ಎರಡು ವರ್ಷದ ಹಿಂದೆ ಡೊಮೈನು ಸಿದ್ಧಮಾಡುವಾಗ, ಸದ್ಯಕ್ಕೆ ನನ್ ಇರಲಿ, ಒಂದೆರಡು ತಿಂಗಳು ವರದಿ ನೋಡಿಕೊಂಡು ಬಿಗಿ ಮಾಡೋಣ ಎಂದು ನಾನೇ ಆ ಸಾಲು ಬರೆದಿದ್ದೆ. ನಮ್ಮ ಹೆಸರಿನಲ್ಲಿ ಯಾವ ಯಾವ ಸರ್ವರು ಮೇಲ್ ಕಳಿಸಿತು ಎನ್ನುವ ವರದಿಗಳು ದಿನಾ ಬಂದು ಒಂದು ಮೇಲ್ ಪೆಟ್ಟಿಗೆಗೆ ಬೀಳುತ್ತಿದ್ದವು. ನಾನು ಒಂದನ್ನೂ ತೆರೆದಿರಲಿಲ್ಲ. ಆವತ್ತು ಕೂತು ತೆರೆದೆ. ಆ ಬಾಡಿಗೆ ಸರ್ವರು ಮೂರು ವಾರದ ಹಿಂದೆಯೇ ನಮ್ಮ ಹೆಸರಿನಲ್ಲಿ ಒಂದೊಂದೇ ಮೇಲ್ ಬಿಟ್ಟು ಪರೀಕ್ಷೆ ಮಾಡಿ ನೋಡಿತ್ತು. ಬಾಗಿಲು ತೆಗೆದಿದೆ ಎಂದು ಖಾತ್ರಿಯಾದ ಮೇಲೆ ಮಚ್ಚು ಕಳಿಸಿತ್ತು.

ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಎನಿಸಿತು. ಮಾಡಿದ್ದೇನು? ಅಧ್ಯಕ್ಷರ ಕೋಣೆಗೆ ಹೋಗಿ, ಯಾರೋ ನಮ್ಮ ಹೆಸರು ದುರುಪಯೋಗ ಮಾಡಿದ್ದಾರೆ, ಸೆಟ್ಟಿಂಗ್ ಬಿಗಿ ಮಾಡುತ್ತೇನೆ ಎಂದೆ. ಅದು ಸುಳ್ಳಲ್ಲ. ಸತ್ಯವಂತೂ ಅಲ್ಲವೇ ಅಲ್ಲ. ನನ್ ಎಂಬ ಮಾತನ್ನು ಎತ್ತಲಿಲ್ಲ. ಪೊಲೀಸರಿಗೆ ಕೊಟ್ಟ ಅರ್ಜಿಯಲ್ಲೂ ಬರೆಯಲಿಲ್ಲ.

ಬಿಗಿ ಮಾಡಲು ಎರಡು ದಾರಿ. ಒಂದು ರಿಜೆಕ್ಟ್: ತಾಳೆಯಾಗದ ಮೇಲನ್ನು ಗೇಟಿನಲ್ಲೇ ಒದ್ದು ಕಳಿಸುವುದು. ಇನ್ನೊಂದು ಕ್ವಾರಂಟೈನ್, ಕೊರೊನಾದಲ್ಲಿ ಎಲ್ಲರ ಬಾಯಲ್ಲೂ ಇದ್ದ ಅದೇ ಪದ: ಮೇಲನ್ನು ಸ್ಪ್ಯಾಮಿಗೆ ತಳ್ಳುವುದು. ವರದಿಗಳಲ್ಲಿ ನನ್ನನ್ನು ಹೆದರಿಸಿದ ಇನ್ನೊಂದು ವಿಷಯವಿತ್ತು. ಯಾವ ಗದ್ದೆಗೆ ಯಾವ ಲಾರಿ ಎನ್ನುವ ಪಟ್ಟಿಯನ್ನು ಫೀಲ್ಡ್‌ಮನ್‌ಗಳಿಗೆ ಲಾರಿ ತೂಗುವ ವೇಬ್ರಿಡ್ಜಿನ ಸಾಫ್ಟ್‌ವೇರು ತಾನೇ ಕಳಿಸುತ್ತಿತ್ತು. ಅದನ್ನು ಮಾಡಿಕೊಟ್ಟವರು ತಮ್ಮ ಸರ್ವರಿನಿಂದ, ನಮ್ಮ ಹೆಸರಿನಲ್ಲಿ, ಮೊಹರಿಲ್ಲದೆ ಕಳಿಸುತ್ತಿದ್ದರು. ರಿಜೆಕ್ಟ್ ಹಾಕಿದರೆ ಕಳ್ಳನ ಜತೆ ಆ ನಿಜವಾದ ಪಟ್ಟಿಯೂ ಒದೆ ತಿನ್ನುತ್ತದೆ. ಅವರಿಗೆ ಫೋನು ಮಾಡಿದರೆ, ಮುಂದಿನ ತಿಂಗಳು ನೋಡೋಣ ಮೇಡಂ ಎಂದರು. ಗಾಣ ತಿರುಗುತ್ತಿರುವಾಗ ಲಾರಿ ನಿಂತರೆ ಯಾಕೆ ಎಂದು ಕೇಳುತ್ತಾರೆ, ಕೇಳಿದರೆ ನನ್ನ ಆ ಸಾಲು ಹೊರಗೆ ಬರುತ್ತದೆ. ನಾನು ಕ್ವಾರಂಟೈನ್ ಹಾಕಿದೆ. ಎಚ್ಚರಿಕೆಯ ಹೆಜ್ಜೆ ಎಂದು ಅಧ್ಯಕ್ಷರಿಗೆ ಹೇಳಿದೆ. ಅದು ಎಚ್ಚರಿಕೆಯಲ್ಲ, ಪುಕ್ಕಲುತನ.

ನಾಲ್ಕನೆಯ ದಿನ ಮಧ್ಯಾಹ್ನ ನಿಡಘಟ್ಟದಲ್ಲಿ ಹೊಡೆದಾಟವಾಯಿತು. ಇನ್ನೊಂದು ಸುಳ್ಳು ಆದೇಶ ಬಂದು, ಸ್ಪ್ಯಾಮಿಗೇ ಬಿದ್ದಿತ್ತು. ನನ್ನ ಸೆಟ್ಟಿಂಗ್ ಹೇಳಿದ್ದನ್ನೇ ಮಾಡಿತ್ತು. ಆದರೆ ನಮ್ಮ ಫೀಲ್ಡ್‌ಮನ್ ಸ್ಪ್ಯಾಮ್ ತೆರೆದು, ಅದನ್ನು ಹೊರಗೆ ತೆಗೆದು, ಪ್ರಿಂಟ್ ಹಾಕಿಸಿ ಮೇಸ್ತ್ರಿಗೆ ಕೊಟ್ಟಿದ್ದರು. ಆಳುಗಳು ಅರ್ಧ ಗದ್ದೆ ಉರುಳಿಸಿದ ಮೇಲೆ ಗದ್ದೆಯ ಯಜಮಾನನಿಗೆ ಆದೇಶ ಸುಳ್ಳೆಂದು ಗೊತ್ತಾಯಿತು. ಆತಗೂರಿನ ಸುದ್ದಿ ಅಷ್ಟರಲ್ಲಿ ಎಲ್ಲ ಕಡೆ ಹಬ್ಬಿತ್ತು. ಅಣ್ಣತಮ್ಮಂದಿರು ಕಬ್ಬಿನ ಜಲ್ಲೆ ಹಿಡಿದು ಬಂದರು, ಆಳುಗಳ ಕೈಯಲ್ಲಿ ಮಚ್ಚು ಇದ್ದೇ ಇತ್ತು. ಫೀಲ್ಡ್‌ಮನ್‌ನ ಬೈಕನ್ನು ಒಣಗಿದ ತರಗಿನ ಮೇಲೆ ಕೆಡವಿ ಬೆಂಕಿ ಕೊಟ್ಟರು. ಮಚ್ಚು ಕಿತ್ತಾಡುವಾಗ ಒಬ್ಬ ಆಳಿನ ಎರಡು ಬೆರಳು ಹೋದವು. ಆಳುಗಳನ್ನು ಕರೆತಂದಿದ್ದ ಮಳವಳ್ಳಿಯ ಮೇಸ್ತ್ರಿ ಆ ಬೆರಳುಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಟೆಂಪೋದಲ್ಲಿ ಮದ್ದೂರಿಗೆ ಬಂದರು. ಅಲ್ಲಿಂದ ಮೈಸೂರಿಗೆ ಕಳಿಸಿದರು. ಒಂದು ಬೆರಳು ಕೂಡಿಕೊಂಡಿತು, ಇನ್ನೊಂದು ಕೂಡಲಿಲ್ಲ.

ಆಸ್ಪತ್ರೆಯ ಗೇಟಿನಲ್ಲಿ ಫೀಲ್ಡ್‌ಮನ್‌ನ ತೋಳು ಹಿಡಿದು ಜಗ್ಗಿದೆ. ಸ್ಪ್ಯಾಮಿನಲ್ಲಿ ಇದ್ದದ್ದನ್ನು ಯಾಕೆ ತೆಗೆದಿರಿ, ಬುದ್ಧಿ ಇಲ್ಲವಾ ಎಂದು ಬೈದೆ. ಅವರ ಹುಬ್ಬು ಬೆಂಕಿಗೆ ಸೀದಿತ್ತು.

“ಲಾರಿ ಪಟ್ಟಿ ದಿನಾ ಅಲ್ಲೇ ತಾನೆ ಮೇಡಂ ಬೀಳೋದು? ಮೊದ್ಲು ಸ್ಪ್ಯಾಮ್ ನೋಡಿ ಅಂತ ನಮ್ಗೆ ಯೋಳ್ಕೊಟ್ಟೋರು ನೀವೇಯ.”

ಹೌದು, ನಾನೇ. ವೇಬ್ರಿಡ್ಜಿನ ಮೇಲ್‌ಗೆ ಮೊಹರಿಲ್ಲದ್ದರಿಂದ ಅದು ಮೊದಲಿನಿಂದಲೂ ಸ್ಪ್ಯಾಮಿಗೆ ಬೀಳುತ್ತಿತ್ತು. ಸರಿಮಾಡುವ ಬದಲು, ದಿನಾ ಸ್ಪ್ಯಾಮ್ ನೋಡಿಕೊಳ್ಳಿ ಎಂದು ಸುಲಭದ ದಾರಿ ಕಲಿಸಿದ್ದೆ. ನಮ್ಮ ಫೀಲ್ಡ್‌ಮನ್‌ಗಳಿಗೆ ಸ್ಪ್ಯಾಮ್ ಎಂದರೆ ಕಸದ ಬುಟ್ಟಿಯಲ್ಲ, ಆಫೀಸಿನ ಮುಖ್ಯ ಕಾಗದಗಳು ಬರುವ ಜಾಗ. ಇಂಥ ಊರಿಗೆ ಕ್ವಾರಂಟೈನ್ ಹಾಕಿ ಏನು ಪ್ರಯೋಜನ?

ಆಸ್ಪತ್ರೆಯಿಂದ ನೇರ ಅಧ್ಯಕ್ಷರ ಮುಂದೆ ಹೋಗಿ ಲ್ಯಾಪ್‌ಟಾಪ್ ತೆರೆದೆ. ಇವತ್ತೇ ರಿಜೆಕ್ಟ್ ಹಾಕುತ್ತೇನೆ ಎಂದೆ. ಲಾರಿ ಪಟ್ಟಿ ನಿಲ್ಲುತ್ತದೆ, ವೇಬ್ರಿಡ್ಜ್ ಸರಿಮಾಡಲು ಎರಡು ದಿನ ಬೇಕು, ಅಲ್ಲಿಯವರೆಗೆ ಪಟ್ಟಿಯನ್ನು ಫೋನಿನಲ್ಲಿ ಹೇಳಿಸಿ ಎಂದೆ.

“ಸೀಸನ್ ಮುಗುದೋಗ್ಲಿ ಕಣಮ್ಮ, ಆಮ್ಯಾಲೆ ಏನಾರ ಮಾಡ್ಕೊ” ಎಂದರು.

ಮೇಜಿಗೆ ಕೈ ಬಡಿದೆ. ಚಹಾದ ಲೋಟ ಉರುಳಿತು. ಈಗ ಬೇಡ ಎಂದರೆ ಡೊಮೈನಿನ ಪಾಸ್‌ವರ್ಡ್ ಬರೆದಿಟ್ಟು ಹೋಗುತ್ತೇನೆ, ಮುಂದಿನ ಬೆರಳಿಗೆ ನೀವೇ ಹೊಣೆ ಎಂದೆ. ಅವರು ಮುಖ ಗಂಟಿಕ್ಕಿಕೊಂಡೇ ತಲೆಯಾಡಿಸಿದರು. ಮೊದಲು ಬೇರೆ ಸರ್ವರುಗಳು ಆ ಸಾಲನ್ನು ನೆನಪಿಟ್ಟುಕೊಳ್ಳುವ ಕಾಲಾವಧಿಯನ್ನು ಒಂದು ಗಂಟೆಯಿಂದ ಐದು ನಿಮಿಷಕ್ಕೆ ಇಳಿಸಿದೆ, ಬದಲಾವಣೆ ಬೇಗ ಎಲ್ಲ ಕಡೆ ತಲುಪಲಿ ಎಂದು. ಆಮೇಲೆ ಗುಮಾಸ್ತರ ಖಾತೆಯಿಂದ ನನಗೆ ಒಂದು ಮೇಲ್ ಕಳಿಸಿ, ಲಕೋಟೆ, ಮೊಹರು, ತಲೆಬರಹ ಮೂರೂ ತಾಳೆಯಾಗುತ್ತವೆ ಎಂದು ನೋಡಿಕೊಂಡೆ. ಹಳೆಯ ಪದ ಅಳಿಸಿ ರಿಜೆಕ್ಟ್ ಎಂದು ಬರೆದೆ. ಸೇವ್ ಒತ್ತಿದೆ.

ಮಾರನೆಯ ದಿನ ಲಾರಿ ಪಟ್ಟಿಗಳು ಒದೆ ತಿಂದು ವಾಪಸು ಬಂದವು. ಫೋನಿನಲ್ಲಿ ಹೇಳಿಸುತ್ತೇನೆ ಎಂದು ತಲೆಯಾಡಿಸಿದ್ದ ಅಧ್ಯಕ್ಷರು ಯಾರಿಗೂ ಹೇಳಿರಲಿಲ್ಲ. ನಿಜವಾದ ಆದೇಶದ ಮೇಲೆ ನಿಜವಾಗಿಯೇ ಕಡಿದ ಕಬ್ಬು ಬದುವಿನ ಮೇಲೆ ಬಿದ್ದಿತ್ತು. ನಾನು ವೇಬ್ರಿಡ್ಜಿನ ಕೋಣೆಯಲ್ಲಿ ಕೂತು ಸಾಫ್ಟ್‌ವೇರಿನ ಸೆಟ್ಟಿಂಗ್ ಹುಡುಕುತ್ತಿದ್ದೆ. ಅದು ತನ್ನ ಸರ್ವರು ಬಿಟ್ಟು ನಮ್ಮ ಖಾತೆಯ ಮೂಲಕವೇ ಕಳಿಸಿದರೆ ಮೊಹರು ತಾನಾಗಿ ಬೀಳುತ್ತದೆ. ಹನ್ನೊಂದು ಗಂಟೆಗೆ ಗೇಟಿನ ಸರಪಳಿ ಕಿತ್ತುಬಂತು. ಐವತ್ತು ಅರವತ್ತು ಜನ. ಮೊದಲ ಕಲ್ಲಿಗೆ ಕಿಟಕಿಯ ಗಾಜು ಹೋಯಿತು, ಎರಡನೆಯದು ನನ್ನ ಹುಬ್ಬಿನ ಮೇಲೆ ಬಿತ್ತು.

ಕಣ್ಣಿಗೆ ಇಳಿದ ರಕ್ತ ಒರೆಸಿಕೊಂಡು ನೋಡಿದರೆ, ಗುಮಾಸ್ತರನ್ನು ಆಫೀಸಿನಿಂದ ಎಳೆದು ತರುತ್ತಿದ್ದರು. ಕಿವಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿ ಭುಜದ ಮೇಲೆ ನೇತಾಡುತ್ತಿತ್ತು. ಆದೇಶ ಕಳಿಸಿ ಲಾರಿ ತಡೆದವನು ಇವನೇ, ಆಲೆಮನೆಯವರ ಜತೆ ಸೇರಿಕೊಂಡಿದ್ದಾನೆ ಎಂದು ಕೂಗುತ್ತಿದ್ದರು. ಒಬ್ಬ ಬಲಗೈ ತಿರುಚಿ ಹಿಡಿದಿದ್ದ, ಇನ್ನೊಬ್ಬ ಎದೆಗೆ ಒದ್ದ. ಅವರು ಎಳೆಯುತ್ತಿದ್ದದ್ದು ಗಾಣದ ಕಡೆಗೆ. ಅದು ತಿರುಗುತ್ತಿತ್ತು.

ನಾನು ವೇಬ್ರಿಡ್ಜಿನ ತಟ್ಟೆಯ ಮೇಲೆ ಹತ್ತಿ ನಿಂತು, ಲಾರಿಗಳನ್ನು ಕರೆಯುವ ಮೈಕು ತೆಗೆದುಕೊಂಡೆ. ಅವರನ್ನು ಬಿಡಿ, ತಪ್ಪು ನನ್ನದು ಎಂದೆ. ಯಾರೂ ಕೇಳಲಿಲ್ಲ. ಇನ್ನೊಮ್ಮೆ, ಗಂಟಲು ಹರಿಯುವಂತೆ ಹೇಳಿದೆ. ಬೀಗ ಹಾಕಬೇಕಾದ ಕಡೆ ಎರಡು ವರ್ಷ ಬಾಗಿಲು ತೆಗೆದಿಟ್ಟವಳು ನಾನು, ಕಳ್ಳ ಬಂದು ಹೋಗುವುದು ಬರೆದಿಟ್ಟಿದ್ದರೂ ಓದದೆ ಬಿಟ್ಟವಳು ನಾನು, ಇವತ್ತು ಲಾರಿ ನಿಂತದ್ದೂ ನಾನು ಬೀಗ ಹಾಕಿದ್ದರಿಂದ, ಗುಮಾಸ್ತರು ಒಂದು ಅಕ್ಷರವನ್ನೂ ಸುಳ್ಳು ಬರೆದಿಲ್ಲ. ಎಲ್ಲಿ ತೆಗೆದಿಟ್ಟಿದ್ದೆ ತೋರಿಸು ಎಂದು ಮುಂದಿದ್ದ ಒಬ್ಬರು ಕೇಳಿದರು. ಪಂಚಿಂಗ್ ಮಷೀನಿನವರೇ. ಆ ಸಾಲಿನ ಕೊನೆಗೆ ‘ನನ್’ ಎಂದು ಬರೆದಿದ್ದೆ ಎಂದೆ. ಅವರು ಒಂದು ಗಳಿಗೆ ನೋಡಿದರು.

“ನನ್ ಅಂತ್ಲೇ ಬರ್ದಿದ್ದೀಯಾ? ಸರ್ಯಾಗೇ ಬರ್ದಿದ್ದೀಯ ಬುಡು. ನಿಂದೇ ತಪ್ಪು.”

ಯಾರೋ ನಕ್ಕರು. ಆ ನಗುವಿನಲ್ಲಿ ಹಿಡಿತ ಸಡಿಲವಾಗಿ ಗುಮಾಸ್ತರು ಕೆಳಗೆ ಕುಸಿದರು. ನನಗೆ ಇನ್ನೆರಡು ಕಲ್ಲು ಬಿದ್ದವು, ಬೀಳಬೇಕಾದದ್ದೇ. ಆಮೇಲೆ ಮಳವಳ್ಳಿಯ ಮೇಸ್ತ್ರಿ ಅಡ್ಡ ಬಂದು, ಮೊದಲು ಕಬ್ಬು ಎತ್ತಿಸಿ, ಹೊಡೆಯುವುದು ಸಂಜೆಗೂ ಆಗುತ್ತದೆ ಎಂದರು. ಆ ಮಾತು ಎಲ್ಲರಿಗೂ ನಾಟಿತು.

ಎರಡು ದಿನ ಲಾರಿ ಚೀಟಿ, ಕಟಾವು ಚೀಟಿ ಎಲ್ಲ ಕೈಬರಹ. ಗೇಟಿನ ಹತ್ತಿರ ಮೇಜು ಹಾಕಿಸಿಕೊಂಡು, ಊದಿದ ಮಣಿಕಟ್ಟಿನಲ್ಲೇ ಗುಮಾಸ್ತರು ಬರೆದರು. ಯಾರಿಗೂ ಯಾವ ಕಾಗದದ ಮೇಲೂ ನಂಬಿಕೆ ಉಳಿದಿರಲಿಲ್ಲ. ನಾನು ಆಫೀಸಿನಲ್ಲಿ ಹೇಳಿದ್ದ ಹಕಾರದ ವಿಷಯ ಅದು ಹೇಗೋ ಊರೆಲ್ಲ ಸುತ್ತಿತ್ತು. ಚೀಟಿ ಈಸಿಕೊಂಡವರೆಲ್ಲ ಮೊದಲು ಹ ಇದೆಯಾ ಎಂದು ನೋಡಿಕೊಳ್ಳುತ್ತಿದ್ದರು. ಓದು ಬಾರದವರು ಪಕ್ಕದವರನ್ನು ಕೇಳುತ್ತಿದ್ದರು. ಒಂದು ಚೀಟಿಯಲ್ಲಿ ಗುಮಾಸ್ತರು ಅಪ್ಪಿತಪ್ಪಿ ‘ಆದೇಶ’ ಎಂದು ಸರಿಯಾಗಿ ಬರೆದುಬಿಟ್ಟರು, ಅದನ್ನು ತಿದ್ದಿಸಿಕೊಳ್ಳಲು ಭಾರತೀನಗರದವರೊಬ್ಬರು ಅರ್ಧ ದಾರಿಯಿಂದ ವಾಪಸು ಬಂದರು. ಪಂಚಿಂಗ್ ಮಷೀನಿನವರೂ ಬಂದು ಸಾಲಿನಲ್ಲಿ ನಿಂತರು. ಚೀಟಿ ನೋಡಿ, “ಐತೆ” ಎಂದು ಮಡಚಿ ಜೇಬಿಗೆ ಹಾಕಿಕೊಂಡು ಹೋದರು. ಕಿವಿಯ ಮಾತು ಎತ್ತಲಿಲ್ಲ.

ಮೂರನೆಯ ದಿನ ವೇಬ್ರಿಡ್ಜಿನ ಮೇಲ್ ಮೊಹರಿನೊಂದಿಗೆ ಹೊರಟಿತು. ಸ್ಪ್ಯಾಮಿಗೆ ಬೀಳಲಿಲ್ಲ. ಇನ್ನು ಯಾರೂ ಸ್ಪ್ಯಾಮ್ ತೆರೆಯಬೇಡಿ ಎಂದು ಫೀಲ್ಡ್‌ಮನ್‌ಗಳನ್ನು ಕೂರಿಸಿಕೊಂಡು ಹೇಳಿದೆ. ನಾಲ್ಕನೆಯ ಬೆಳಿಗ್ಗೆ ಬಂದ ವರದಿಯಲ್ಲಿ ಆ ಬಾಡಿಗೆ ಸರ್ವರಿನ ಹೆಸರಿತ್ತು. ಹಿಂದಿನ ದಿನ ಎಲ್ಲ ಫೀಲ್ಡ್‌ಮನ್‌ಗಳಿಗೂ ಒಟ್ಟಿಗೆ ಕಳಿಸಿ ನೋಡಿತ್ತು. ಪ್ರತಿ ಸಾಲಿನ ಮುಂದೆಯೂ ರಿಜೆಕ್ಟ್, ರಿಜೆಕ್ಟ್, ರಿಜೆಕ್ಟ್. ಒಂದೂ ಒಳಗೆ ಬಂದಿರಲಿಲ್ಲ. ಅದರ ಹಿಂದೆ ಇದ್ದವರು ಯಾರು ಎಂದು ಪೊಲೀಸರಿಗೆ ಇವತ್ತಿಗೂ ಸಿಕ್ಕಿಲ್ಲ.

ವರದಿಯನ್ನು ಪ್ರಿಂಟ್ ಹಾಕಿ ಗುಮಾಸ್ತರಿಗೆ ತೋರಿಸಲು ಹೋದೆ. ಅವರು ಮೇಜಿನ ಮೇಲೆ ಚೀಟಿಗಳನ್ನು ಜೋಡಿಸಿ ಕಟ್ಟುತ್ತಿದ್ದರು. ಪಂಚಿಂಗ್ ಮಷೀನು ಅದರ ಜಾಗದಲ್ಲೇ ಇತ್ತು. “ನೀವು ಬರ್ನಿಲ್ಲ ಅಂದಿದ್ರೆ ಅವತ್ತು ಗಾಣಕ್ಕೆ ಕೊಟ್ಬುಡೋರು ಮೇಡಂ” ಎಂದು ಕೈಮುಗಿದರು. ಮೂರು ದಿನದಿಂದಲೂ ಹೀಗೇ ನಮಸ್ಕಾರ ಮಾಡುತ್ತಿದ್ದರು. ವೇಬ್ರಿಡ್ಜಿನ ಮೇಲೆ ನಾನು ಕೂಗಿದಾಗ ಅವರ ಎಡಗಿವಿ ನನ್ನ ಕಡೆಗಿತ್ತು, ಸುತ್ತ ಅಷ್ಟು ಗಲಾಟೆ. ಕೇಳಿಸಿಲ್ಲ ಎಂದು ನನಗೆ ಖಾತ್ರಿಯಿತ್ತು. ಕೇಳಿಸದಿದ್ದದ್ದೇ ಒಳ್ಳೆಯದಾಯಿತು ಎಂದು ಮೂರು ದಿನ ಸುಮ್ಮನಿದ್ದೆ. ಅವರ ಮುಗಿದ ಕೈಗಳನ್ನು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಮೇಜನ್ನು ಸುತ್ತಿ ಅವರ ಬಲಗಡೆಗೆ ಹೋಗಿ, ಬಗ್ಗಿ, ಆ ಬಾಗಿಲು ತೆಗೆದಿಟ್ಟದ್ದು ನಾನೇ, ನಿಮ್ಮ ಕಿವಿ ಹೋದದ್ದು ನನ್ನಿಂದ ಎಂದೆ.

ಅವರು ಚೀಟಿಯ ಕಟ್ಟಿಗೆ ದಾರ ಸುತ್ತಿ ಗಂಟು ಹಾಕಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಆವತ್ತೇ ಕೇಳುಸ್ತು ಮೇಡಂ, ಇನ್ನೊಂದ್ ಕಿವಿ ಐತಲ್ಲ. ಊರ್ಗೆಲ್ಲ ಯೋಳುದ್ರಿ. ನಂಗೆ ಯಾವಾಗ ಯೋಳ್ತೀರಾ ಅಂತ ಕಾಯ್ತಿದ್ದೆ.”